ಒಂದು ಮಗ್ಗುಲಷ್ಟು ಸಡಿಲ

ಹಳೆಯ ಕಾರು ಇಟ್ಟುಕೊಂಡವರನ್ನು ದಾರಿಹೋಕರು ಕೇಳುವ ಪ್ರಶ್ನೆಗಳು ಮೂರೇ ಮೂರು: ಲೀಟರಿಗೆ ಎಷ್ಟು ಕೊಡುತ್ತೆ? ಸ್ಪೇರ್ ಪಾರ್ಟ್ ಸಿಗುತ್ತಾ? ಮಾರ್ತೀರಾ? ಮೊದಲನೆಯದಕ್ಕೆ ಸ್ವಲ್ಪ ಸುಳ್ಳು, ಎರಡನೆಯದಕ್ಕೆ ಸ್ವಲ್ಪ ಧೈರ್ಯ, ಮೂರನೆಯದಕ್ಕೆ ಒಂದು ನಗೆ ಸಾಕು. ಆದರೆ ‘ಚಕ್ರ ಸರಿಯಾಗಿದೆಯೇ?’ ಎಂದು ಇದುವರೆಗೆ ಒಬ್ಬರೂ ಕೇಳಿದವರಿಲ್ಲ. ಎಲ್ಲರಿಗೂ ಎಂಜಿನ್ನಿನದೇ ಚಿಂತೆ. ನಿಜ ಹೇಳಬೇಕೆಂದರೆ ಎಂಜಿನ್ನು ಕೈಕೊಟ್ಟರೆ ಹೆದರಬೇಕಾದ್ದೇನೂ ಇಲ್ಲ, ಕಾರು ನಿಲ್ಲುತ್ತದೆ. ಚಕ್ರ ಕೈಕೊಟ್ಟರೆ ಕಾರು ನಿಲ್ಲುವುದಿಲ್ಲ. ತೊಂದರೆ ಇರುವುದು ಅಲ್ಲಿ.

ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್. ಲೈಸೆನ್ಸು, ಪರ್ಮಿಟ್ಟುಗಳ ಕಾಲದಲ್ಲಿ ನಮ್ಮ ದೇಶದವರಿಗೆ ಕಾರು ಕೊಳ್ಳಬೇಕೆಂದರೆ ಇದ್ದ ಆಯ್ಕೆ ಮೂರು: ಉತ್ತರಪಾಡಾದ ಅಂಬಾಸಡರ್, ಮುಂಬಯಿಯ ಫಿಯೆಟ್, ಮದರಾಸಿನ ಹೆರಾಲ್ಡ್. ಸಂಸಾರ ದೊಡ್ಡದಿದ್ದವರು ಅಂಬಾಸಡರ್ ಕೊಂಡರು, ಲೆಕ್ಕ ಬಲ್ಲವರು ಫಿಯೆಟ್ ಕೊಂಡರು. ಕಣ್ಣಿಗೆ ಚೆಂದ ಕಂಡದ್ದನ್ನು ಕೊಳ್ಳುವ ಕೆಲವರು ಎಲ್ಲ ಕಾಲದಲ್ಲೂ ಇರುತ್ತಾರಲ್ಲ, ಅವರು ಹೆರಾಲ್ಡ್ ಕೊಂಡರು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಹುಟ್ಟಿದ ಈ ಗಾಡಿಯ ರೂಪ ಬರೆದವನು ಇಟಲಿಯ ಜಿಯೊವಾನ್ನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು ಇಲ್ಲಿ ತಯಾರಿಸತೊಡಗಿತು. ಇಂಗ್ಲೆಂಡಿನ ಹೆರಾಲ್ಡಿಗೆ ಎರಡೇ ಬಾಗಿಲು. ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸುವುದು ಹೇಗೆಂಬ ಯೋಚನೆ ಅಲ್ಲಿಯವರಿಗೆ ಬಂದಿರಲಿಲ್ಲವೋ ಏನೋ! ನಾಲ್ಕು ಬಾಗಿಲಿನ ಹೆರಾಲ್ಡನ್ನು ಮಾಡಿದ್ದು ನಮ್ಮ ಮದರಾಸಿನವರೇ.

ನಮ್ಮ ಮನೆಯ ಹೆರಾಲ್ಡ್ ಮಾವನವರದು. ಅವರ ಮಗಳ ಜೊತೆಗೆ ಬಂದದ್ದಲ್ಲ, ಅವರಿಗೆ ಕಣ್ಣಿನ ಪೊರೆ ಬಂದು ಓಡಿಸುವುದನ್ನು ಬಿಟ್ಟ ಮೇಲೆ ಬಂದದ್ದು. ಈ ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸದಿದ್ದರೆ ನೆಂಟರು ವರದಕ್ಷಿಣೆ ಎಂದುಬಿಡುತ್ತಾರೆ. ಗಾಡಿಯ ಗುಣಗಳನ್ನು ಹೇಳುವುದಾದರೆ, ಮುಂದಿನ ಮೂತಿ ಪೂರ್ತಿಯಾಗಿ, ಎರಡು ಮಡ್‌ಗಾರ್ಡುಗಳ ಸಮೇತ, ಮುಂದಕ್ಕೆ ವಾಲಿ ತೆರೆದುಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕುಳಿತುಕೊಂಡೇ ಎಂಜಿನ್ ಕೆಲಸ ಮಾಡಬಹುದು. 25 ಅಡಿ ಜಾಗ ಸಿಕ್ಕರೆ ಪೂರ್ತಿ ಒಂದು ಸುತ್ತು ತಿರುಗಿಬಿಡುತ್ತದೆ. ಗಾಂಧಿಬಜಾರಿನ ಅಡ್ಡರಸ್ತೆಗಳಲ್ಲಿ ಇಂದಿನ ದೊಡ್ಡ ಕಾರಿನವರು ಹಿಂದೆ ಮುಂದೆ ಮಾಡುತ್ತ ಬೆವರುತ್ತಿರುವಾಗ ಹೆರಾಲ್ಡ್ ಒಂದೇ ಸಲಕ್ಕೆ ತಿರುಗಿ ಹೊರಟುಹೋಗುತ್ತದೆ. ಆ ಹೊತ್ತಿನಲ್ಲಿ ನನ್ನ ಮುಖದಲ್ಲಿ ಒಂದು ಕಳೆ ಬರುತ್ತದೆಂದೂ ಅದು ಒಳ್ಳೆಯ ಕಳೆಯಲ್ಲವೆಂದೂ ಮನೆಯಾಕೆ ಹೇಳುತ್ತಾಳೆ.

ಇಂಥ ಗಾಡಿಯ ಮುಂಭಾಗದಿಂದ ಒಂದು ಸದ್ದು ಬರತೊಡಗಿತು. ನಿಧಾನವಾಗಿ ಹೋದರೆ ಏನೂ ಇಲ್ಲ. ಕನಕಪುರ ರಸ್ತೆಯಲ್ಲಿ ಊರು ದಾಟಿ ವೇಗ ಸ್ವಲ್ಪ ಏರಿದೊಡನೆ, ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವಂಥ ಒಂದು ಗುರುಗುರು. ಹಳೆಯ ಕಾರಿನಲ್ಲಿ ಸದ್ದಿಗೇನು ಬರ? ಬಾಗಿಲಿನದು, ಗಾಜಿನದು, ಡಿಕ್ಕಿಯಲ್ಲಿ ಉರುಳುವ ಜಾಕಿನದು. ಅವೆಲ್ಲ ಮನೆಯ ಸದ್ದುಗಳು, ಕಿವಿಗೆ ಪರಿಚಯ. ಪರಿಚಯವಿಲ್ಲದ ಒಂದೇ ಸದ್ದು ಅವುಗಳ ನಡುವೆ ಬಂದು ಕೂತರೂ ಓಡಿಸುವವನ ಬೆನ್ನು ಸೀಟಿನಿಂದ ಎದ್ದುಬಿಡುತ್ತದೆ.

ಸದ್ದು ಬಂದ ಮೇಲೆ ವೈದ್ಯರು ಬರುತ್ತಾರೆ. ನಮ್ಮ ಭಾವಮೈದ ಟೈರು ಎಂದ. ಎದುರು ಮನೆಯವರು ಡಿಫರೆನ್ಶಿಯಲ್ ಎಂದರು; ಅವರು ನಿವೃತ್ತ ಎಂಜಿನಿಯರು, ಕಟ್ಟಡಗಳದು. ಸಾಫ್ಟ್‌ವೇರಿನಲ್ಲಿರುವ ಸೋದರಳಿಯ, “ಸೌಂಡ್ ರೆಕಾರ್ಡ್ ಮಾಡಿ ಕಳಿಸಿ ಮಾವ, ಫೋನಿನಲ್ಲೇ ಅನಲೈಸ್ ಮಾಡಬಹುದು” ಎಂದ. ಮನೆಯಾಕೆ ಮಾತ್ರ, “ಅಪ್ಪನ ಕಾಲದಲ್ಲಿ ಈ ಸದ್ದು ಇರಲಿಲ್ಲಪ್ಪ” ಎಂದಳು. ಇದು ರೋಗನಿರ್ಣಯವಲ್ಲ, ಆಪಾದನೆ.

ಈ ಸದ್ದುಗಳನ್ನು ಬೇರೆಬೇರೆ ಮಾಡಿ ತಿಳಿಯಲು ಒಂದು ಕ್ರಮ ಉಂಟು. ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಡಾಂಬರಿನ ಮೇಲೆ ಒಂದು ರಾಗ, ಕಾಂಕ್ರೀಟಿನ ಮೇಲೆ ಇನ್ನೊಂದು. ಡಿಫರೆನ್ಶಿಯಲ್ಲಿನ ಸದ್ದು ಆಕ್ಸಿಲರೇಟರಿನ ಕಾಲನ್ನು ಅನುಸರಿಸುತ್ತದೆ. ಒತ್ತಿದರೆ ಒಂದು ಬಗೆ, ಬಿಟ್ಟರೆ ಒಂದು ಬಗೆ. ಚಕ್ರದ ಬೇರಿಂಗು ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೇರು ತೆಗೆದು ಸುಮ್ಮನೆ ಉರುಳಲು ಬಿಟ್ಟರೂ ಅದರ ಗುರುಗುರು ನಿಲ್ಲದು. ಅದು ಬದಲಾಗುವುದು ಸ್ಟಿಯರಿಂಗ್ ತಿರುಗಿಸಿದಾಗ. ಗಾಡಿ ಬಲಕ್ಕೆ ತಿರುಗಿದರೆ ಭಾರವೆಲ್ಲ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಕೆಟ್ಟಿರುವುದು ಎಡಗಡೆಯದು. ಎಡಕ್ಕೆ ತಿರುಗಿದಾಗ ಏರಿದರೆ ಬಲಗಡೆಯದು.

ಇದನ್ನು ನನಗೆ ಕಲಿಸಿದವರು ನಮ್ಮ ಮೇಸ್ತ್ರಿ. ಅವರ ಗ್ಯಾರೇಜಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಮೇಸ್ತ್ರಿ ಮಾತ್ರ ನಿವೃತ್ತರಾಗಿಲ್ಲ. ಮೊಪೆಡ್ಡಿನ ಹಿಂದೆ ಸ್ಪ್ಯಾನರುಗಳ ಗೋಣಿಚೀಲ ಕಟ್ಟಿಕೊಂಡು ಕರೆದವರ ಮನೆಗೇ ಬರುತ್ತಾರೆ. ಬಂದವರು ಎಡಗಡೆ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದು ನಾನು ನೋಡುತ್ತಿರುವಾಗಲೇ “ಸ್ವಲ್ಪ ಬಲಕ್ಕೆ ಒಡೀರಿ ಸಾರ್” ಎಂದರು. ಬಲಕ್ಕೆ ಹೊಡೆದೆ. “ಎಡಕ್ಕೆ.” ಎಡಕ್ಕೆ ಹೊಡೆದೆ. ಹಿಂದಿನ ಆಟೋದವನು ಮಾಡಿದ ಪೂಜೆಯನ್ನು ಇಲ್ಲಿ ಬರೆಯಲಾರೆ. ಮೇಸ್ತ್ರಿ ಕಣ್ಣು ತೆರೆದು, “ಎಡಗಡೇದೇ” ಎಂದರು. ಗಾಡಿ ನಿಲ್ಲಿಸಿ ಎರಡೂ ಮುಂಗಾಲಿಗಳ ನಡುಮಧ್ಯದ ಟೋಪಿಯನ್ನು ಮುಟ್ಟಿ ನೋಡಿದರು. ಬಲಗಡೆಯದು ಬೆಚ್ಚಗೆ, ಎಡಗಡೆಯದು ಕೈ ಇಡಲಾರದಷ್ಟು ಬಿಸಿ. ಸಾಕ್ಷಿ ಪೂರ್ತಿಯಾಯಿತು.

ಆದರೆ ಚಕ್ರ ಆಡುವುದಕ್ಕೆ ಬೇರಿಂಗು ಒಂದೇ ಕಾರಣವಲ್ಲ. ಹೆರಾಲ್ಡಿನ ಮುಂಗಾಲಿ ನಿಂತಿರುವುದು ಕೆಳಗೊಂದು ಹಿತ್ತಾಳೆ ಬಣ್ಣದ ಟ್ರನಿಯನ್, ಮೇಲೊಂದು ಬಾಲ್ ಜಾಯಿಂಟು, ಇವೆರಡರ ನಡುವೆ. ಟ್ರನಿಯನ್ನಿಗೆ ಕುಡಿಸಬೇಕಾದ್ದು ದಪ್ಪ ಗೇರ್ ಆಯಿಲ್. ಗ್ರೀಸು ತುಂಬಿದವರು ಮುಂದೆ ಒಂದು ದಿನ ಮುಂಗಾಲಿ ಮಡಚಿಕೊಂಡು ಮಲಗಿದ್ದನ್ನು ಕಾಣುತ್ತಾರೆ. ಈ ಗಾಡಿಯ ಹೆಸರಾಂತ ದೌರ್ಬಲ್ಯವೇ ಅದು. ಆದ್ದರಿಂದ ಆಟ ಬಂದಿರುವುದು ಬೇರಿಂಗಿನಲ್ಲೋ ಟ್ರನಿಯನ್ನಿನಲ್ಲೋ ಎಂದು ಮೊದಲು ತೀರ್ಮಾನವಾಗಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಜಾಕ್ ಕೊಟ್ಟು ಎತ್ತಿದ ಗಾಲಿಯನ್ನು ಗಡಿಯಾರದ ಹನ್ನೆರಡರಲ್ಲಿ ಒಂದು ಕೈ, ಆರರಲ್ಲಿ ಒಂದು ಕೈ ಹಿಡಿದು ಅಲ್ಲಾಡಿಸಬೇಕು. ಇನ್ನೊಬ್ಬರು ಒಳಗೆ ಕುಳಿತು, ಹೇಳಿದಾಗ ಬ್ರೇಕ್ ಒತ್ತಬೇಕು. ಬ್ರೇಕ್ ಒತ್ತಿದೊಡನೆ ಆಟ ನಿಂತರೆ ತಪ್ಪು ಬೇರಿಂಗಿನದು, ಏಕೆಂದರೆ ಬ್ರೇಕು ಗಾಲಿಯನ್ನೂ ಅಚ್ಚನ್ನೂ ಒಂದಾಗಿ ಹಿಡಿದುಬಿಡುತ್ತದೆ. ಒತ್ತಿದ ಮೇಲೂ ಆಡುತ್ತಿದ್ದರೆ ತಪ್ಪು ಅದರ ಹಿಂದಿನ ಟ್ರನಿಯನ್ನಿನದೋ ಬಾಲ್ ಜಾಯಿಂಟಿನದೋ.

ಒಳಗೆ ಕೂರುವ ಆ ಇನ್ನೊಬ್ಬರು ಯಾರೆಂದು ಹಳೆಯ ಕಾರಿನ ಮನೆಗಳಲ್ಲಿ ಕೇಳಬೇಕಾಗಿಲ್ಲ. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು.

“ಒತ್ತು.”

“ಒತ್ತಿದೀನಿ.”

“ಬಿಡು.”

“ಬಿಟ್ಟೆ.”

“ಒತ್ತು ಅಂದೆನಲ್ಲ!”

“ನೀವು ಬಿಡು ಅಂದ್ರಿ. ಮೇಸ್ತ್ರಿ, ಇವರು ಏನಂದ್ರು?”

ಮೇಸ್ತ್ರಿ ಜಾಣರು, ಗಾಲಿಯನ್ನೇ ನೋಡುತ್ತಿದ್ದರು. ಅಂತೂ ಒತ್ತಿದಾಗ ಆಟ ನಿಂತಿತು, ಬಿಟ್ಟಾಗ ಮತ್ತೆ ಬಂತು. ಬೇರಿಂಗೇ.

ದಶರಥನ ರಥದ ಕೀಲು ಯುದ್ಧದ ನಡುವೆ ಕಳಚಿಬಿದ್ದಾಗ ಕೈಕೇಯಿ ತನ್ನ ಬೆರಳನ್ನೇ ಅಚ್ಚಿಗೆ ಕೊಟ್ಟು ಚಕ್ರವನ್ನು ಉಳಿಸಿದಳೆಂಬ ಕತೆಯನ್ನು ನಾವೆಲ್ಲ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ರಾಮಾಯಣದ ಅಷ್ಟೂ ಕಷ್ಟಕ್ಕೆ ಮೂಲ ಒಂದು ಚಕ್ರದ ಕೀಲು ಎಂಬುದು ಮೆಕ್ಯಾನಿಕ್ಕುಗಳ ಕಣ್ಣಿಗೆ ಬೀಳದೆ ಹೋದದ್ದು ಆಶ್ಚರ್ಯ. ದಶರಥ ಯುದ್ಧಕ್ಕೆ ಹೊರಡುವ ಮುನ್ನ ಗಾಲಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ್ದರೆ ಎರಡು ವರಗಳ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮಾಕೆ ಬೆರಳು ಕೊಡಲಿಲ್ಲ, ಕಾಲು ಕೊಟ್ಟಳು. ವರ ಅವಳಿಗೂ ಎರಡು ಸಂದಿವೆ. ಮೊದಲನೆಯದನ್ನು ಅವಳು ಯಾವಾಗ ಕೇಳಿದಳೆಂಬುದು ಮುಂದೆ ಬರುತ್ತದೆ.

ಮೇಸ್ತ್ರಿ ಡ್ರಮ್ಮು ಕಳಚಿ, ನಡುವಿನ ಟೋಪಿಯನ್ನು ತಟ್ಟಿ ತೆಗೆದರು. ಒಳಗೆ ಗ್ರೀಸಿನಲ್ಲಿ ಮುಳುಗಿದ ಒಂದು ನಟ್ಟು. ಅದರ ತಲೆಯ ಮೇಲೆ ಸುತ್ತಲೂ ಕಂಡಿಗಳು. ಒಂದು ಕಂಡಿಯ ಮೂಲಕ ಅಚ್ಚಿನ ರಂಧ್ರವನ್ನು ತೂರಿ, ಆಚೆ ಎರಡು ಕಾಲು ಮಡಚಿ ಕುಳಿತ ಒಂದು ಸ್ಪ್ಲಿಟ್ ಪಿನ್ನು. ಇಡೀ ಚಕ್ರ ಕಳಚಿಹೋಗದಂತೆ ಕಾಯುವುದು ಈ ತಂತಿಯ ತುಂಡು. ಎತ್ತಿನ ಗಾಡಿಯಲ್ಲಿ ಇದಕ್ಕೆ ಕಡೆಗೀಲು ಎನ್ನುತ್ತಿದ್ದರು. ಜೇಡರ ದಾಸಿಮಯ್ಯ ಶರಣರ ಮಾತಿಗೆ ಉಪಮೆಯಾಗಿ ಎತ್ತಿಕೊಂಡದ್ದು ಬಂಡಿಯ ಅಚ್ಚನ್ನೂ ಅಲ್ಲ, ಗಾಲಿಯನ್ನೂ ಅಲ್ಲ, ಈ ಕಡೆಗೀಲನ್ನು. ವಚನಕಾರರು ಬಂಡಿ ಬಲ್ಲವರು.

ಎತ್ತಿನ ಗಾಡಿಯ ಗಾಲಿಗೆ ಬೇರಿಂಗ್ ಇರಲಿಲ್ಲ. ಅದು ಅಚ್ಚಿನ ಮೇಲೆ ನೇರವಾಗಿ ಉಜ್ಜಿಕೊಂಡೇ ತಿರುಗುತ್ತಿತ್ತು. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆಯನ್ನು ಬಿದಿರ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕಿರುತ್ತಿದ್ದರು. ಗಾಲಿ ಅಚ್ಚಿನ ಮೇಲೆ ಆಚೆ ಈಚೆ ಜಾರುತ್ತ, ಲಟಕ್ ಲಟಕ್ ಎನ್ನುತ್ತ ಊರಿಂದೂರಿಗೆ ಹೋಗುತ್ತಿತ್ತು. ಎತ್ತಿನ ನಡಿಗೆಗೆ ಅದು ಸಾಕಾಗಿತ್ತು, ಕುದುರೆಯ ಓಟಕ್ಕೆ ಸಾಲದಾಯಿತು. 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಎಂಬುವನು ಸಾರೋಟಿನ ಅಚ್ಚಿಗೆ ಗುಂಡುಗಳನ್ನು ಕೂರಿಸಿ ಪೇಟೆಂಟು ಪಡೆದ. ಉಜ್ಜುವುದು ಹೋಗಿ ಉರುಳುವುದು ಬಂತು. ಆದರೂ ಒಂದು ತೊಡಕು ಉಳಿಯಿತು. ಗಾಡಿ ನೇರ ಹೋಗುವಾಗ ಭಾರ ಮೇಲಿನಿಂದ ಬರುತ್ತದೆ, ತಿರುವಿನಲ್ಲಿ ಪಕ್ಕದಿಂದಲೂ ನೂಕುತ್ತದೆ. ಮೇಲಿನ ಭಾರವನ್ನು ಚೆನ್ನಾಗಿ ಹೊರುವ ನೇರ ಉರುಳೆಗಳು ಪಕ್ಕದ ನೂಕನ್ನು ತಾಳುತ್ತಿರಲಿಲ್ಲ. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಸಾರೋಟು ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ ಇದಕ್ಕೆ ಉಪಾಯ ಕಂಡ. ಉರುಳೆಗಳನ್ನು ಒಂದು ತುದಿಗೆ ಸಣ್ಣಗೆ ಮಾಡಿ ಓರೆಯಾಗಿ ಕೂರಿಸಿದ. ಈಗ ಎರಡು ದಿಕ್ಕಿನ ಭಾರವೂ ಒಂದೇ ಬೇರಿಂಗಿಗೆ ಸಂದಿತು. ಅವನಿಗೆ ಪೇಟೆಂಟು ದೊರೆತದ್ದು 1898ರಲ್ಲಿ. ಕುದುರೆಗಾಡಿಗೆಂದು ಹುಟ್ಟಿದ ಈ ಟೇಪರ್ ರೋಲರ್ ಮೋಟಾರು ಗಾಡಿಗೆ ಹೇಳಿಮಾಡಿಸಿದಂತೆ ಒಗ್ಗಿತು. ನನ್ನ ಹೆರಾಲ್ಡಿನ ಪ್ರತಿ ಮುಂಗಾಲಿಯಲ್ಲೂ ಇಂಥವು ಎರಡಿವೆ, ಒಳಗೆ ದೊಡ್ಡದೊಂದು, ಹೊರಗೆ ಚಿಕ್ಕದೊಂದು.

ಟಿಮ್ಕೆನ್ನನ ಉಪಾಯದಲ್ಲಿ ಇನ್ನೊಂದು ಚೆಲುವಿದೆ. ಓರೆ ಉರುಳೆಗಳು ಓರೆ ಬಟ್ಟಲಿನೊಳಗೆ ಕೂತಿರುವುದರಿಂದ, ಸವೆದಷ್ಟೂ ನಟ್ಟನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಸಂದು ಮುಚ್ಚಬಹುದು. ಎಂದರೆ ಸಡಿಲವಾದ ಬೇರಿಂಗೆಲ್ಲ ಸತ್ತ ಬೇರಿಂಗಲ್ಲ. ತೊಳೆದು, ನೋಡಿ, ಚೆನ್ನಾಗಿದ್ದರೆ ಮತ್ತೆ ಕೂರಿಸಿ ಸರಿಮಾಡಬಹುದು. ಮೇಸ್ತ್ರಿ ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರು. ಹೊರಗಿನದರ ಉರುಳೆಗಳು ಕನ್ನಡಿಯ ಹೊಳಪು ಉಳಿಸಿಕೊಂಡಿದ್ದವು. ಒಳಗಿನದರ ಮೈಯಲ್ಲಿ ಸಿಡುಬಿನ ಕಲೆ, ಬಟ್ಟಲಿನಲ್ಲಿ ನೀಲಿಗಟ್ಟಿದ ಪಟ್ಟೆ. ನೀಲಿ ಎಂದರೆ ಕಾದದ್ದು. ಗ್ರೀಸು ಒಣಗಿತ್ತು, ಜೊತೆಗೆ ನೀರು ಹೊಕ್ಕ ಗುರುತೂ ಇತ್ತು. ಬೆಂಗಳೂರಿನ ಅಂಡರ್‌ಪಾಸುಗಳಲ್ಲಿ ಮಳೆಗಾಲದಲ್ಲಿ ಕಾರು ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಲ್ಟಿನ ಸೀಲು 1960ರ ದಶಕದ ಧೂಳನ್ನು ತಡೆಯಬಲ್ಲದು, ಇಂದಿನ ಪ್ರವಾಹವನ್ನಲ್ಲ.

ಬೇರಿಂಗು ಹುಡುಕಲು ಜೆ.ಸಿ. ರಸ್ತೆಗೆ ಹೋದೆ. ಹಳೆಯ ಕಾರಿನವರಿಗೆ ಜೆ.ಸಿ. ರಸ್ತೆ ಒಂದು ಕ್ಷೇತ್ರ. ಹರಕೆಯೂ ಉಂಟು, ಕಾಣಿಕೆಯೂ ಉಂಟು. ಬೇರಿಂಗಿನ ಅಂಗಡಿಯಲ್ಲಿ ಕಾರಿನ ಹೆಸರು ಹೇಳಿ ಉಪಯೋಗವಿಲ್ಲ. ‘ಹೆರಾಲ್ಡ್’ ಎಂದರೆ ಗಲ್ಲಾದ ಹುಡುಗ ನಿಮ್ಮನ್ನು ಕನಿಕರದಿಂದ ನೋಡುತ್ತಾನೆ. ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರನ್ನು ಓದಿ ಹೇಳಿದರೆ ಎದ್ದು ಒಳಗೆ ಹೋಗುತ್ತಾನೆ. ಕಾರು ಮಾಡಿದ ಕಂಪನಿ ಮುಚ್ಚಿ ದಶಕಗಳಾದರೂ ಅದರ ಬೇರಿಂಗು ಸಿಗುವುದರ ಗುಟ್ಟು ಇದು. ಇಂಚಿನ ಅಳತೆಯ ಈ ಟೇಪರ್ ಬೇರಿಂಗುಗಳು ಯಾವ ಒಂದು ಕಾರಿನ ಸೊತ್ತೂ ಅಲ್ಲ. ಅದೇ ನಂಬರು ಇನ್ನೆಲ್ಲೋ ಒಂದು ಯಂತ್ರದಲ್ಲಿ, ಟ್ರೇಲರಿನಲ್ಲಿ ತಿರುಗುತ್ತಿರುತ್ತದೆ. ಬಾಗಿಲಿನ ಹಿಡಿ ಮುರಿದರೆ ಹೆರಾಲ್ಡಿನವನು ಅನಾಥ, ಬೇರಿಂಗು ಕೆಟ್ಟರೆ ಅಲ್ಲ.

ಆದರೆ ಡಬ್ಬಿಯ ಮೇಲಿನ ಹೆಸರನ್ನು ನಂಬಿ ದುಡ್ಡು ಕೊಡಬಾರದು. ಹೆಸರುವಾಸಿ ಕಂಪನಿಗಳ ಡಬ್ಬಿಯಲ್ಲಿ ನಕಲಿ ಮಾಲು ತುಂಬಿ ಮಾರುವುದು ಈ ವ್ಯಾಪಾರದ ಹಳೆಯ ಪಿಡುಗು. ಅಕ್ಷರದ ಕೊರೆತ ಮಸುಕಾಗಿದೆಯೇ, ಕೈಯಲ್ಲಿ ತಿರುಗಿಸಿದರೆ ಎಲ್ಲಾದರೂ ತಡೆಯುತ್ತದೆಯೇ, ಬೆಲೆ ಅನುಮಾನ ಬರುವಷ್ಟು ಕಡಿಮೆಯಿದೆಯೇ ನೋಡಬೇಕು. ಇನ್ನೊಂದು ಮಾತು: ಬಟ್ಟಲು ಮತ್ತು ಉರುಳೆಯ ಕೋನು, ಎರಡನ್ನೂ ಜೋಡಿಯಾಗಿಯೇ ಕೊಳ್ಳಬೇಕು. ಹಳೆಯ ಬಟ್ಟಲು ಗಟ್ಟಿಯಾಗಿದೆಯಲ್ಲ ಎಂದು ಅದರಲ್ಲಿ ಹೊಸ ಕೋನು ಕೂರಿಸಿದರೆ, ಹಳೆಯದರ ಸವೆತ ಹೊಸದನ್ನು ಬೇಗ ತನ್ನ ಮಟ್ಟಕ್ಕೆ ಇಳಿಸಿಕೊಳ್ಳುತ್ತದೆ.

ಹೊಸ ಬಟ್ಟಲು ಗಾಲಿಯ ನಡುವಿನ ಹಬ್ಬಿನೊಳಗೆ ಬಿಗಿಯಾಗಿ ಕೂರಬೇಕು. ಸುತ್ತಿಗೆಯ ಬಲದಲ್ಲಿ ಹೊಡೆದು ಕೂರಿಸಿದರೆ ಓರೆಯಾದೀತು. ಇದಕ್ಕೊಂದು ಸುಲಭ ಉಪಾಯವಿದೆ: ಬಟ್ಟಲನ್ನು ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟು ಕುಗ್ಗಿಸಿ, ಹಬ್ಬನ್ನು ಸ್ವಲ್ಪ ಬಿಸಿಮಾಡಿ ಹಿಗ್ಗಿಸಿದರೆ ಹಗುರಾಗಿ ಇಳಿಯುತ್ತದೆ. ಬೆಳಿಗ್ಗೆ ಬಟಾಣಿ ತೆಗೆಯಲು ಹೋದವಳ ಕೈಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಉಕ್ಕಿನ ಬಟ್ಟಲು ಸಿಕ್ಕಿತು. ಮೊದಲನೆಯ ವರವನ್ನು ಕೇಳಿದ್ದು ಆಗ. ಇನ್ನು ಮುಂದೆ ಗಾಡಿಗೆ ಸಂಬಂಧಪಟ್ಟ ಯಾವ ವಸ್ತುವೂ ಅಡುಗೆಮನೆಯ ಹೊಸ್ತಿಲು ದಾಟಬಾರದು. ಕೊಟ್ಟೆ. ಎರಡನೆಯ ವರವನ್ನು ಆಕೆ ಕೈಕೇಯಿಯಂತೆಯೇ ಬಾಕಿ ಇಟ್ಟುಕೊಂಡಿದ್ದಾಳೆ. ನಮಗೆ ಮಗ ಒಬ್ಬನೇ ಆದ್ದರಿಂದ ವನವಾಸದ ಸರದಿ ಯಾರದೆಂದು ನನಗೆ ಗೊತ್ತು.

ಗ್ರೀಸು ತುಂಬುವುದನ್ನು ಮೇಸ್ತ್ರಿ ನನಗೇ ಬಿಟ್ಟರು. ಎಡ ಅಂಗೈಯಲ್ಲಿ ಒಂದು ಮುದ್ದೆ ಗ್ರೀಸು ಇಟ್ಟುಕೊಂಡು, ಬೇರಿಂಗಿನ ಅಗಲದ ಬಾಯನ್ನು ಅಂಗೈಯ ಬುಡಕ್ಕೆ ಒತ್ತಿ ಒತ್ತಿ ಎಳೆಯಬೇಕು. ಉರುಳೆಗಳ ಸಂದಿನಿಂದ ಗ್ರೀಸು ಮೇಲಕ್ಕೆ ಉಕ್ಕಿ ಬರುವತನಕ ಬಿಡಬಾರದು. ಮೇಲೆ ಬಳಿದರೆ ಪ್ರಯೋಜನವಿಲ್ಲ, ಒಳಗಿನ ಗಾಳಿ ಹೊರಬಿದ್ದು ಆ ಜಾಗಕ್ಕೆ ಗ್ರೀಸು ಹೋಗಬೇಕು. ಹಬ್ಬಿನ ಹೊಟ್ಟೆಯನ್ನು ಮಾತ್ರ ಪೂರ್ತಿ ತುಂಬಬಾರದು. ಗಾಡಿ ಓಡಿದಾಗ ಗ್ರೀಸು ಕಾದು ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಸೀಲನ್ನು ನೂಕಿಕೊಂಡು ಬ್ರೇಕಿನ ಮೇಲೆ ಇಳಿಯುತ್ತದೆ. ಗ್ರೀಸು ತಿಂದ ಬ್ರೇಕು ಹಿಡಿಯುವುದಿಲ್ಲ. ಔತಣ ಬಡಿಸುವ ಕೈಯಿಂದ ಈ ಕೆಲಸ ಆಗದು.

ಕೊನೆಗೆ ಬಂದದ್ದು ನಟ್ಟು ಬಿಗಿಯುವ ಹೊತ್ತು. ಆ ದಿನ ಸೋದರಳಿಯನೂ ಬಂದಿದ್ದ, ಹೊಸದಾಗಿ ಕೊಂಡ ಟಾರ್ಕ್ ರೆಂಚಿನ ಸಮೇತ. “ಮಾವ, ಚಕ್ರದ ವಿಷಯ. ಚೆನ್ನಾಗಿ ಟೈಟ್ ಮಾಡೋಣ” ಎಂದ. ಮೇಸ್ತ್ರಿ ನಕ್ಕರು. ಅವರು ಸ್ಪ್ಯಾನರನ್ನು ಹಿಡಿದದ್ದು ಕಾಗದ ಕತ್ತರಿಸುವವರಷ್ಟು ಹಗುರವಾಗಿ. ಒಂದು ಕೈಯಲ್ಲಿ ಹಬ್ಬನ್ನು ತಿರುಗಿಸುತ್ತ, ಇನ್ನೊಂದರಲ್ಲಿ ನಟ್ಟನ್ನು ನಿಧಾನವಾಗಿ ಒಳಕ್ಕೆ ತಂದರು. ಹಬ್ಬು ಸ್ವಲ್ಪ ಭಾರವಾಗಿ ತಿರುಗತೊಡಗಿದಾಗ ನಿಲ್ಲಿಸಿದರು. ಆಮೇಲೆ ಅಳಿಯನ ಕಣ್ಣೆದುರಿಗೇ ನಟ್ಟನ್ನು ಒಂದು ಮಗ್ಗುಲು, ಎಂದರೆ ಅದರ ಒಂದು ಮುಖದಷ್ಟು, ಹಿಂದಕ್ಕೆ ತಿರುಗಿಸಿಬಿಟ್ಟರು.

“ಅಯ್ಯೋ, ಲೂಸ್ ಮಾಡಿದ್ರಲ್ಲ!”

“ಲೂಸ್ ಮಾಡೋಕೇ ಟೈಟ್ ಮಾಡಿದ್ದು ಸ್ವಾಮಿ.”

ಕಂಪನಿಯ ಪುಸ್ತಕವೂ ಇದನ್ನೇ ಹೇಳುತ್ತದೆ. 5 ಪೌಂಡ್-ಅಡಿಯಷ್ಟು ಬಲ ಕೊಟ್ಟು ಬಿಗಿದು, ಒಂದು ಮಗ್ಗುಲು ಹಿಂದೆ ಸರಿಸಿ, ಪಿನ್ನು ಹಾಕಬೇಕು. 5 ಪೌಂಡ್-ಅಡಿ ಎಂದರೆ ಏನೇನೂ ಅಲ್ಲ, ಮಣಿಕಟ್ಟಿನ ಬಲ. ಅಳಿಯನ ರೆಂಚಿನ ಅಂಕಿಗಳು ಶುರುವಾಗುವುದೇ ಅದಕ್ಕಿಂತ ಮೇಲೆ! ಮೇಸ್ತ್ರಿಯ ಮಣಿಕಟ್ಟು ಆ ಪುಸ್ತಕವನ್ನು ನೋಡಿದ್ದಲ್ಲ, ಆದರೂ ಅದೇ ಅಂಕಿಗೆ ನಿಂತಿತ್ತು. ಕಂಡಿಯೂ ರಂಧ್ರವೂ ಒಂದಕ್ಕೊಂದು ಸರಿಬೀಳದಿದ್ದರೆ ನಟ್ಟನ್ನು ಇನ್ನಷ್ಟು ಹಿಂದಕ್ಕೆ ತರಬೇಕು, ಮುಂದಕ್ಕೆ ತಳ್ಳಬಾರದು. ಇಷ್ಟೆಲ್ಲ ಆದ ಮೇಲೆ ಹಬ್ಬಿನಲ್ಲಿ ಉಳಿಯುವ ಆಟ ಇಂಚಿನ ಸಾವಿರದಲ್ಲಿ ಎರಡರಿಂದ ಎಂಟು ಪಾಲು. ದಿನಪತ್ರಿಕೆಯ ಒಂದು ಹಾಳೆಯನ್ನು ಮಡಿಸಿದರೆ ಎಷ್ಟು ದಪ್ಪವೋ ಸುಮಾರು ಅಷ್ಟು. ಕಣ್ಣಿಗೆ ಕಾಣದು, ಕೈಗೆ ಮಾತ್ರ ತಿಳಿಯುತ್ತದೆ.

ಇಷ್ಟು ಸಡಿಲ ಏಕೆ ಬೇಕು? ಬೇರಿಂಗು ತಣ್ಣಗಿರುವಾಗ ಅಳತೆ ಒಂದು, ಓಡಿ ಕಾದಾಗ ಇನ್ನೊಂದು. ಬ್ರೇಕಿನ ಬಿಸಿಯೂ ಹಬ್ಬಿಗೇ ಬರುತ್ತದೆ. ತಣ್ಣಗಿದ್ದಾಗಲೇ ಒಂದಿಷ್ಟೂ ಸಂದಿಲ್ಲದಂತೆ ಬಿಗಿದರೆ, ಕಾದು ಹಿಗ್ಗಿದ ಉರುಳೆಗಳು ತಮ್ಮ ಮೈಗೂ ಬಟ್ಟಲಿಗೂ ನಡುವಿನ ಗ್ರೀಸಿನ ಪೊರೆಯನ್ನು ಹಿಂಡಿಹಾಕುತ್ತವೆ. ಉಕ್ಕಿಗೆ ಉಕ್ಕು ತಾಗುತ್ತದೆ, ನೀಲಿಗಟ್ಟುತ್ತದೆ, ಕೊನೆಗೆ ಕಚ್ಚಿಕೊಳ್ಳುತ್ತದೆ. ತೀರ ಸಡಿಲ ಬಿಟ್ಟರೂ ಕೇಡೇ. ಉರುಳೆಗಳು ಬಟ್ಟಲನ್ನು ಕುಟ್ಟುತ್ತವೆ, ಟೈರು ಒಂದು ಮಗ್ಗುಲಿಗೆ ಸವೆಯುತ್ತದೆ, ಸ್ಟಿಯರಿಂಗು ಅನುಮಾನದಿಂದ ನಡೆಯುತ್ತದೆ. ಆದರೆ ಎರಡು ಕೇಡುಗಳ ರೀತಿ ಬೇರೆ. ಸಡಿಲವಾದ ಬೇರಿಂಗು ತಿಂಗಳುಗಟ್ಟಲೆ ಸದ್ದು ಮಾಡಿ ಎಚ್ಚರಿಸುತ್ತದೆ. ವಿಪರೀತ ಬಿಗಿಯಾದದ್ದು ಒಂದೇ ಪ್ರಯಾಣದಲ್ಲಿ, ಮಾತಿಲ್ಲದೆ, ಮುಗಿದುಹೋಗುತ್ತದೆ. ಗಾಲಿಯ ಹೊರಗಿನ ನಟ್ಟುಗಳನ್ನು ಬಿಗಿಯಲು ತೋಳು ಬೇಕು, ಒಳಗಿನ ಈ ಒಂದು ನಟ್ಟಿಗೆ ತಾಳ್ಮೆ ಬೇಕು. ಬಿಗಿಯಾದದ್ದೇ ಭದ್ರ ಎಂದು ನಂಬಿದ ಬಲಶಾಲಿಗಳ ಕೈಯಲ್ಲಿ ಸತ್ತ ಬೇರಿಂಗುಗಳು, ಸೋಮಾರಿಗಳ ಕೈಯಲ್ಲಿ ಸತ್ತವಕ್ಕಿಂತ ಕಡಿಮೆಯಿಲ್ಲ ಎಂದು ಮೇಸ್ತ್ರಿ ಹೇಳುತ್ತಾರೆ.

ಇವತ್ತಿನ ಕಾರುಗಳಲ್ಲಿ ಈ ರಗಳೆಯೇ ಇಲ್ಲ. ಬೇರಿಂಗು, ಗ್ರೀಸು, ಸೀಲು, ಎಲ್ಲವನ್ನೂ ಕಾರ್ಖಾನೆಯಲ್ಲೇ ಒಂದು ಉಂಡೆಯಾಗಿ ಮುಚ್ಚಿ ಕೊಡುತ್ತಾರೆ. ಆಟ ಎಷ್ಟಿರಬೇಕೆಂದು ಯಂತ್ರವೇ ತೀರ್ಮಾನಿಸಿರುತ್ತದೆ. ಲಕ್ಷ ಕಿಲೋಮೀಟರು ಅದರ ಕಡೆ ತಿರುಗಿ ನೋಡಬೇಕಾಗಿಲ್ಲ. ಕೆಟ್ಟರೆ ಅಷ್ಟನ್ನೂ ಬಿಚ್ಚಿ ಎಸೆದು ಇನ್ನೊಂದನ್ನು ಕೂರಿಸುತ್ತಾರೆ. ಇದು ಮೇಲಾದ ವ್ಯವಸ್ಥೆ, ಅನುಮಾನವಿಲ್ಲ. ನನ್ನ ಮಗನ ಕಾರಿನಲ್ಲಿ ಮಳೆಗಾಲದ ರಾತ್ರಿ ದೂರ ಹೋಗಬೇಕಾದಾಗ ನಾನು ಆ ಮುಚ್ಚಿದ ಉಂಡೆಗೆ ಮನಸ್ಸಿನಲ್ಲೇ ವಂದಿಸಿದ್ದೇನೆ. ಆದರೆ ಹೆರಾಲ್ಡನ್ನು ಮಾಡಿದವರು ಅಷ್ಟು ದೊಡ್ಡ ಕಾರ್ಖಾನೆ ಕಟ್ಟಿ, ಅಷ್ಟು ಕರಾರುವಾಕ್ಕಾಗಿ ಉಕ್ಕು ಕಡೆದು, ಕೊನೆಯ ಒಂದು ಮಗ್ಗುಲನ್ನು ಮಾತ್ರ ರಸ್ತೆ ಬದಿಯ ಒಬ್ಬ ಮನುಷ್ಯನ ಕೈಗೆ ಬಿಟ್ಟರಲ್ಲ, ಆ ನಂಬಿಕೆ ನನಗೆ ಇಷ್ಟ. ಆ ಮನುಷ್ಯ ಅದನ್ನು ಉಳಿಸಿಕೊಂಡಾಗ ಇನ್ನೂ ಇಷ್ಟ. ಹಳೆಯ ಕಾರು ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರಿಗೆ ನನ್ನಲ್ಲಿರುವ ಉತ್ತರ ಇದೊಂದೇ. ದಾರಿಯಲ್ಲಿ ನಿಂತು ಹೇಳಲು ತುಸು ಉದ್ದವಾಯಿತೆಂದು ಸುಮ್ಮನೆ ನಗುತ್ತೇನೆ.

ಸರ್ಕಾರಕ್ಕೂ ಹಳೆಯ ಕಾರುಗಳ ಸ್ವಭಾವ ಗೊತ್ತಿದ್ದಂತಿದೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ಹಾಗೆ ನೋಂದಾಯಿಸಿಕೊಂಡ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ದುರಸ್ತಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಹಳೆಯ ಕಾರು ಎಲ್ಲಿಗೆ ಹೊರಟರೂ ಅದು ದುರಸ್ತಿಯ ದಾರಿಯಲ್ಲೇ ಇರುತ್ತದೆ ಎಂಬುದನ್ನು ಬಲ್ಲವರೇ ಈ ನಿಯಮವನ್ನು ಬರೆದಿರಬೇಕು.

ಕೆಲಸ ಮುಗಿದು ಕನಕಪುರ ರಸ್ತೆಗೆ ಹೋದಾಗ ಗುರುಗುರು ಮಾಯವಾಗಿತ್ತು. ಅದರ ಮರೆಯಲ್ಲಿ ಇಷ್ಟು ದಿನ ಅಡಗಿದ್ದ ಇನ್ನೊಂದು ಸಣ್ಣ ಕಿರ್ ಈಗ ಕೇಳಿಸತೊಡಗಿತು. ಅದು ಹಿಂದಿನಿಂದ ಬರುತ್ತಿದೆ. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿ, “ಇದು ಇನ್ನೂ ಒಂದ್ ವರ್ಷ ಬರತ್ತೆ ಬಿಡಿ ಸಾರ್” ಎಂದಿದ್ದಾರೆ.

ಮನೆಯಲ್ಲಿ ಹಳೆಯ ಕಾರಿರುವ ಓದುಗರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಮುಂಗಾಲಿಗಳನ್ನು ಎತ್ತಿ ಹನ್ನೆರಡು-ಆರರಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಜಾಕಿನ ಜೊತೆಗೆ ಒಂದು ಸ್ಟ್ಯಾಂಡನ್ನೂ ಕೊಡಿ, ಬರೀ ಜಾಕನ್ನು ನಂಬಿ ಕೈ ಒಳಗಿಡಬೇಡಿ. ಬೇರಿಂಗನ್ನು ತೊಳೆದು ನೋಡಿ, ಹೊಳಪಿದ್ದರೆ ಉಳಿಸಿ, ಕಲೆಯಿದ್ದರೆ ಜೋಡಿಯಾಗಿ ಬದಲಾಯಿಸಿ. ನಟ್ಟು ಬಿಗಿಯುವಾಗ ಬಲವಂತರನ್ನು ದೂರ ಕೂರಿಸಿ. ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮಾತ್ರ ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ, ಹೊಸದನ್ನೇ ಹಾಕಿ. ಅದರ ಬೆಲೆ ಒಂದು ಕಾಫಿಗಿಂತ ಕಡಿಮೆ.